ಗಾಯದೊಳಗೆ ಕಡಲು

“ಮೂಗು ಮುಚ್ಕೋಬೇಡ ಪೇಚಿ. ವಾಸನೆ ತಗೋ.”

ಇನ್ಸ್‌ಪೆಕ್ಟರ್ ಪೇಚಿಯಮ್ಮಾಳ್ ಕರ್ಚೀಫನ್ನು ಕೆಳಗಿಳಿಸಿದಳು. ಕಳೆದ ಸಲ ಇದೇ ಮಂಚದ ಪಕ್ಕ ನಿಂತಾಗ ಬಂದಿದ್ದ ಕೊಳೆತ ವಾಸನೆ ಇದಲ್ಲ. ನೀರು ಇಳಿದ ಮೇಲೆ ತೂತ್ತುಕುಡಿಯ ಅಳಿವೆಯ ಕೆಸರು ಬಿಸಿಲಿಗೆ ಬಿರಿದು ನಾರುತ್ತದಲ್ಲ, ಹಾಗಿತ್ತು.

ಸರ್ಜನ್ ವಡಿವು ಪಟ್ಟಿಯ ಕೊನೆಯ ಪದರವನ್ನು ಚಿಮಟದಿಂದ ಎತ್ತಿದಳು. ಸೂಸೈಯ ಹೊಟ್ಟೆಯ ಮೇಲಿನ ಗಾಯದ ಸುತ್ತ ಚರ್ಮ ಕಪ್ಪಾಗಿತ್ತು. ಅದರ ಮೇಲೆ ನೇರಳೆ ಹಣ್ಣಿನಂಥ ಗುಳ್ಳೆಗಳು ತುಂಬಿ ನಿಂತಿದ್ದವು. ಹೋದ ವಾರ ಅಲ್ಲಿ ಕೆಂಪಗೆ ಹೊಸ ಮಾಂಸ ಚಿಗುರಿದ್ದನ್ನು ಪೇಚಿ ಕಣ್ಣಾರೆ ಕಂಡಿದ್ದಳು.

ಕಡಲ ತಳದಿಂದ ಶಂಖ ತೆಗೆಯುವ ಮುಳುಗುಗಾರ ಇನ್ನಾಸಿಯನ್ನು ನಡುಗಡಲಲ್ಲಿ ಬೋಟಿನಿಂದ ನೂಕಿ ಕೊಂದ ಪ್ರಕರಣಕ್ಕೆ ಇದ್ದ ಒಬ್ಬನೇ ಸಾಕ್ಷಿ ಈ ಸೂಸೈ. ಬಾಯಿ ಬಿಡುತ್ತೇನೆ ಎಂದ ವಾರವೇ ಮೀನು ಮಾರುಕಟ್ಟೆಯಲ್ಲಿ ಅವನ ಹೊಟ್ಟೆಗೆ ಚಾಕು ಬಿದ್ದಿತ್ತು. ಹರಿದ ಕರುಳನ್ನು ಹೊಲಿದು ವಡಿವು ಅವನನ್ನು ಉಳಿಸಿದ್ದಳು. ಆದರೆ ಕೋರ್ಟಿಗೆ ಕರೆದೊಯ್ಯುವ ದಿನ ಹತ್ತಿರ ಬಂದಾಗಲೆಲ್ಲ ಗಾಯ ಕೀವು ತುಂಬಿ ಬಾಯಿ ಬಿಡುತ್ತಿತ್ತು. ಇದು ಮೂರನೇ ಸಲ.

“ಮೊದಲೆರಡು ಸಲ ಕೀವಲ್ಲಿ ಬೆಳೆದದ್ದು ಮಣ್ಣಿನ ಕ್ರಿಮಿ, ಹೊಲಸಿನ ಕ್ರಿಮಿ,” ಎಂದಳು ವಡಿವು. “ಕೊಳಕು ಕೈ ಮುಟ್ಟಿದ್ರೆ ಬರೋಂಥದ್ದು. ಈ ಸಲದ್ದು ಬೇರೆ ಜಾತಿ ಅಂತ ಬೆಳಗ್ಗೆ ಲ್ಯಾಬಿನವರು ಫೋನ್ ಮಾಡಿದ್ರು. ಇದಕ್ಕೆ ಉಪ್ಪು ಬೇಕು, ಉಪ್ಪಿಲ್ಲದೆ ಬದುಕಲ್ಲ. ಬಿಸಿಲಿಗೆ ಕಾದ ಅಳಿವೆ ನೀರಲ್ಲಿ ಇರುತ್ತೆ, ಸಿಂಪಿಯೊಳಗೆ ಇರುತ್ತೆ. ಆಸ್ಪತ್ರೆ ವಾರ್ಡಲ್ಲಿ ಇರೋಂಥದ್ದಲ್ಲ.”

“ಇವನು ಕಡಲು ನೋಡಿ ಎಷ್ಟು ಕಾಲ ಆಯ್ತು!”

“ಅದನ್ನೇ ಹೇಳ್ತಿರೋದು. ಯಾರೋ ಹೊತ್ಕೊಂಡು ಬಂದು ಇವನ ಹೊಟ್ಟೆಗೆ ಸುರಿದಿದಾರೆ.”

ವಡಿವು ಗಾಯದ ಅಂಚಿನಿಂದ ಏನನ್ನೋ ಹಿಡಿದೆತ್ತಿ ಸ್ಟೀಲ್ ತಟ್ಟೆಗೆ ಹಾಕಿದಳು. ಟಿಣ್ ಎಂದಿತು. ನುಚ್ಚಕ್ಕಿಯಷ್ಟು ದೊಡ್ಡ ಚೂರು. ಒಂದು ಕಡೆ ಒರಟು, ಇನ್ನೊಂದು ಕಡೆ ಮುತ್ತಿನ ಹೊಳಪು.

ಸಿಂಪಿಯ ಚಿಪ್ಪು.

ಪೇಚಿ ಅದನ್ನೇ ನೋಡುತ್ತ ನಿಂತಳು. ಓದುವಾಗ ಇಬ್ಬರೂ ಪಾಳಯಂಕೋಟ್ಟೈ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ವಡಿವು ತಮಾಷೆ ಮಾಡದೆ ಇಷ್ಟು ಹೊತ್ತು ಮಾತಾಡಿದ್ದನ್ನು ಪೇಚಿ ಇದುವರೆಗೆ ಕಂಡಿರಲಿಲ್ಲ.

“ಉಳೀತಾನಾ?”

“ಕುಡಿದು ಕುಡಿದು ಲಿವರ್ ಹಾಳು ಮಾಡ್ಕೊಂಡಿದಾನೆ. ಅಂಥವರಿಗೆ ಈ ಕ್ರಿಮಿ ಯಮ. ಕಪ್ಪಾಗಿರೋದನ್ನೆಲ್ಲ ಈಗಲೇ ಕೊಯ್ದು ತೆಗೀಬೇಕು. ಆಪರೇಷನ್ ಥಿಯೇಟರ್ ಸಿದ್ಧ ಮಾಡ್ತಿದಾರೆ.”

“ಮ್ಯಾಜಿಸ್ಟ್ರೇಟರನ್ನ ಇಲ್ಲಿಗೇ ಕರೆಸ್ತೀನಿ. ಅರ್ಧ ಗಂಟೆ ಕೊಡು. ಇವನ ಹೇಳಿಕೆ ಒಂದು…”

“ನಿನಗೆ ಹೇಳಿಕೆ ಬೇಕಾ, ಮನುಷ್ಯ ಬೇಕಾ?”

“ಎರಡೂ ಬೇಕು ಕಣೇ!”

“ನನ್ನ ಹತ್ರ ಒಂದಕ್ಕೆ ಮಾತ್ರ ಟೈಮಿದೆ.” ವಡಿವು ಕೈಗವಸು ಕಿತ್ತೆಸೆದಳು. “ಸ್ಟ್ರೆಚರ್ ಬರೋ ಹೊತ್ತಿಗೆ ಯಾರು ಮಾಡಿದ್ದು ಅಂತ ನೋಡು, ಹೋಗು. ಇಲ್ಲಿ ನಿಂತು ನನ್ನ ತಲೆ ತಿನ್ಬೇಡ.”

ಯಾರು ಮಾಡಿದ್ದು ಎಂಬುದರಲ್ಲಿ ಪೇಚಿಗೆ ಅನುಮಾನವೇನೂ ಇರಲಿಲ್ಲ.

ಸೂಸೈಯ ಹೆಂಡತಿ ಜೆಸಿಂತಾ ಮೀನು ಮಾರುವವಳು. ಬೆಳಗಾಗುವ ಮೊದಲೇ ದಡಕ್ಕೆ ಹೋಗಿ, ಬುಟ್ಟಿ ತುಂಬಿಸಿ, ಬೀದಿ ಸುತ್ತಿ, ಆಮೇಲೆ ಆಸ್ಪತ್ರೆಗೆ ಬರುವವಳು. ಗಂಡನ ಮೈ ಒರೆಸಿ ಗಂಜಿ ಕುಡಿಸುತ್ತಿದ್ದವಳು ಅವಳೇ. ಎರಡನೇ ಸಲ ಗಾಯ ಕೆಟ್ಟಾಗಲೇ ಪೇಚಿಯ ಕಣ್ಣು ಅವಳ ಮೇಲೆ ಬಿದ್ದಿತ್ತು. ಅಂದಿನಿಂದ ನೆಂಟರು ಯಾರೂ ಹಾಸಿಗೆಯ ಹತ್ತಿರ ಹೋಗಕೂಡದು, ಆಸ್ಪತ್ರೆಯವರು ಮಾತ್ರ ಹೋಗಬಹುದು ಎಂದು ಬಾಗಿಲ ಕಾವಲಿನ ಹೆಡ್ ಕಾನ್‌ಸ್ಟೆಬಲ್ ವೇಲ್‌ಚಾಮಿಗೆ ತಾಕೀತು ಮಾಡಿದ್ದಳು. ಅಷ್ಟಾದರೂ ಈ ಹೆಂಗಸು ಹೇಗೋ ನುಗ್ಗಿದ್ದಾಳೆ.

ವಾರ್ಡಿನ ಹಿಂದಿನ ಜಗುಲಿಯಲ್ಲಿ, ರೋಗಿಗಳ ಕಡೆಯವರು ಪಾತ್ರೆ ತೊಳೆಯುವ ನಲ್ಲಿಯ ಪಕ್ಕ ಜೆಸಿಂತಾ ಗೋಡೆಗೊರಗಿ ಕೂತಿದ್ದಳು. ಅವಳ ಎದುರಿಗೆ ಟಿಫಿನ್ ಕ್ಯಾರಿಯರ್ ಬಿಚ್ಚಿಟ್ಟುಕೊಂಡು ಅಂತೋಣಿಯಮ್ಮ ಕೂತಿದ್ದಳು. ಸತ್ತ ಇನ್ನಾಸಿಯ ತಾಯಿ. ತಂಗಳನ್ನದ ಮೇಲೆ ಸುಟ್ಟ ಒಣಮೀನು ಮುರಿದಿಟ್ಟು, “ಒಂದು ತುತ್ತಾದ್ರೂ ತಿನ್ನೇ,” ಎಂದು ಒತ್ತಾಯ ಮಾಡುತ್ತಿದ್ದಳು.

ಮುದುಕಿಯನ್ನು ಕಂಡರೆ ಪೇಚಿಗೆ ಪ್ರತಿ ಸಲವೂ ತಲೆ ತಗ್ಗಿಸಬೇಕೆನಿಸುತ್ತಿತ್ತು. ಮಗನ ಹೆಣ ದಡಕ್ಕೆ ಬಂದಾಗ ಮುಖವೆಲ್ಲ ಮೀನು ಏಡಿ ತಿಂದು ಹೋಗಿತ್ತು. ಕೊರಳಲ್ಲಿದ್ದ ಇಗರ್ಜಿ ಮಾತೆಯ ಪದಕ ನೋಡಿ ಇದು ನನ್ನ ಕೂಸೇ ಎಂದು ಮರಳಿನಲ್ಲಿ ಬಿದ್ದು ಹೊರಳಾಡಿದವಳು. ಸಾಲ ತೀರಿಸದ್ದಕ್ಕೆ ಅವನನ್ನು ಕೊಲ್ಲಿಸಿದ್ದು ಬೋಟ್ ಮಾಲೀಕ ಮಚಾದೊ ಎಂದು ಊರಿಗೆಲ್ಲ ಗೊತ್ತಿದ್ದರೂ ಅವನ ಕೊರಳಪಟ್ಟಿಗೆ ಕೈ ಹಾಕಲು ಪೇಚಿಗೆ ಇದುವರೆಗೆ ಆಗಿರಲಿಲ್ಲ.

“ಅಜ್ಜೀ, ಇವಳ ಹತ್ರ ಸ್ವಲ್ಪ ಮಾತಾಡ್ಬೇಕು.”

“ಮಾತಾಡು ತಾಯಿ. ನಾನು ಕುಡಿಯೋ ನೀರು ತರ್ತೀನಿ.” ಮುದುಕಿ ಮಂಡಿ ಹಿಡಿದುಕೊಂಡು ಎದ್ದು ಹೋದಳು.

ಪೇಚಿ ಅವಳ ಜಾಗದಲ್ಲೇ ನೆಲಕ್ಕೆ ಕೂತಳು.

“ಕೈ ತೋರಿಸು.”

“ಯಾಕಮ್ಮಾ?”

“ತೋರಿಸು ಅಂದೆ.”

ಮೀನಿನ ಮುಳ್ಳು ಗೀರಿದ, ಉಪ್ಪು ತಿಂದ ಕೈಗಳು. ಉಗುರುಗಳನ್ನು ಮಾತ್ರ ರಕ್ತ ಬರುವಷ್ಟು ಒಳಕ್ಕೆ ಕತ್ತರಿಸಿದ್ದಳು.

“ಉಗುರು ಯಾಕೆ ಹೀಗೆ ಕುಯ್ಕೊಂಡಿದೀಯಾ?”

ಜೆಸಿಂತಾ ಕೈ ಹಿಂದಕ್ಕೆ ಎಳೆದುಕೊಂಡಳು. ಜಗುಲಿಯ ಉದ್ದಕ್ಕೆ ಕ್ರೋಟನ್ ಗಿಡದ ಕುಂಡಗಳಿದ್ದವು. ಪೇಚಿ ಕೈಚಾಚಿ ಒಂದು ಕುಂಡದ ಮಣ್ಣು ಕೆದಕಿದಳು. ಮಣ್ಣಿನ ಜೊತೆ ತೆಂಗಿನ ನಾರು ಬಂತು. ಅದನ್ನು ಜೆಸಿಂತಾಳ ಮಡಿಲಿಗೆ ಹಾಕಿದಳು.

“ಎರಡನೇ ಸಲ ಪಟ್ಟಿ ಬಿಚ್ಚಿದಾಗ ಡಾಕ್ಟರಿಗೆ ಗಾಯದೊಳಗೆ ಇಂಥ ನಾರು ಸಿಕ್ಕಿತ್ತು. ಹಾಸಿಗೆಯದ್ದು ಅಂದ್ಕೊಂಡಿದ್ವಿ. ಈಗ ಮಂಚದ ಹತ್ರ ನಿಂತು ನೋಡ್ದೆ. ಹಾಸಿಗೆ ಸ್ಪಂಜಿನದು.”

ಜೆಸಿಂತಾ ಮಡಿಲ ಮೇಲಿನ ನಾರನ್ನು ನೋಡಿದಳೇ ಹೊರತು ಮುಟ್ಟಲಿಲ್ಲ.

“ಮಚಾದೊ ಎಷ್ಟು ಕೊಟ್ಟ ನಿನಗೆ?”

“ಅವನ ದುಡ್ಡಿಗೆ ಬೆಂಕಿ ಹಾಕ!” ಜೆಸಿಂತಾಳ ದನಿ ಒಮ್ಮೆಲೇ ಎದ್ದಿತು. “ಅವನ ಹೆಸರು ಹೇಳಿ ನನ್ನ ಗಂಡನಿಗೆ ಚಾಕು ಹಾಕಿದಾರೆ. ಅವನ ಹತ್ರ ನಾನು ಕೈ ಚಾಚ್ತೀನಾ?”

“ಮತ್ಯಾಕೆ?”

ನಲ್ಲಿಯ ಕೆಳಗೆ ಯಾರೋ ಬಿಟ್ಟುಹೋದ ಪಾತ್ರೆಗೆ ನೀರು ತೊಟ್ಟಿಕ್ಕುತ್ತಿತ್ತು. ಜೆಸಿಂತಾ ಸೆರಗಿನಿಂದ ಮುಖ ಒರೆಸಿಕೊಂಡಳು. ಕಣ್ಣೀರು ಇರಲಿಲ್ಲ, ಬೆವರಿತ್ತು.

“ಗಾಯ ಮಾಯ್ದ್ರೆ ಏನಾಗುತ್ತೆ, ನೀವೇ ಹೇಳಿ. ಕರ್ಕೊಂಡು ಹೋಗಿ ಕೋರ್ಟಲ್ಲಿ ನಿಲ್ಲಿಸ್ತೀರಿ. ಎಲ್ಲಾ ಹೇಳಪ್ಪಾ ಅಂತೀರಿ. ಹೇಳ್ತಾನೆ. ಆಮೇಲೆ? ಮನೆವರೆಗೆ ಬಿಡೋಕೆ ನಿಮ್ಮ ಜೀಪ್ ಬರುತ್ತೆ. ಮಾರನೇ ದಿನ? ಅದರ ಮಾರನೇ ದಿನ? ನಮ್ಮ ಗುಡಿಸಲಿಗೆ ಬಾಗಿಲೇ ಇಲ್ಲ ಅಮ್ಮಾ, ಗೋಣಿ ಕಟ್ಟಿದೀವಿ.”

“ಅದಕ್ಕೆ ಗಂಡನ ಹೊಟ್ಟೆಗೆ ಮಣ್ಣು ಹಾಕ್ದೆಯಾ?”

“ಇಲ್ಲಿದ್ರೆ ಉಸಿರಾಡ್ತಿರ್ತಾನೆ. ಬಾಗಿಲಲ್ಲಿ ಪೊಲೀಸ್ ಇರ್ತಾರೆ. ಹೊತ್ತೊತ್ತಿಗೆ ಸೂಜಿ ಚುಚ್ತಾರೆ, ಅನ್ನ ಹಾಕ್ತಾರೆ. ಗಾಯ ಇದ್ದಷ್ಟು ದಿನ ಜೀವ ಇರುತ್ತೆ ಅಂದ್ಕೊಂಡೆ. ಸ್ವಲ್ಪವೇ ಹಾಕ್ದೆ. ಬೆರಳ ತುದೀಲಿ.”

ಇಪ್ಪತ್ತು ವರ್ಷದ ನೌಕರಿಯಲ್ಲಿ ಪೇಚಿ ಗಂಡನಿಗೆ ವಿಷ ಹಾಕಿದವರನ್ನು ಕಂಡಿದ್ದಳು, ಬೆಂಕಿ ಇಟ್ಟವರನ್ನು ಕಂಡಿದ್ದಳು. ಬದುಕಿರಲಿ ಎಂದು ಕೊಳೆಯಿಸಿದವಳನ್ನು ಕಂಡಿರಲಿಲ್ಲ.

“ಅವನಿಗೆ ಗೊತ್ತಾಗಲಿಲ್ವಾ?”

“ಗೊತ್ತಿತ್ತು.” ಜೆಸಿಂತಾ ಗೋಡೆಯ ಕಡೆ ತಿರುಗಿದಳು. “ಪಟ್ಟಿ ಬಿಚ್ಚಿ ಕೊಟ್ಟದ್ದೇ ಅವನು. ಕೂಗಬಾರ್ದು ಅಂತ ಟವೆಲ್ ಬಾಯಿಗೆ ತುರುಕ್ಕೊಂಡ. ಎರಡನೇ ಸಲ ಆದ್ಮೇಲೆ ಜ್ವರ ತಲೆಗೇರಿ ರಾತ್ರಿಯೆಲ್ಲ ನಡುಗಿದ. ಬೆಳಗ್ಗೆ ನನ್ನ ಕೈ ಹಿಡ್ಕೊಂಡು, ಸಾಕು ಜೆಸಿಂತಾ, ನನ್ನ ಕೈಲಿ ಆಗಲ್ಲ, ಹೇಳಿಬಿಡ್ತೀನಿ ಅಂದ. ನಾನೂ ಆಣೆ ಮಾಡ್ದೆ. ಅವತ್ತಿಂದ ಉಗುರು ಬೆಳೆಯೋಕೇ ಬಿಟ್ಟಿಲ್ಲ.”

“ಆಣೆ ಮಾಡಿದವಳು ಮೂರನೇ ಸಲ ಯಾಕೆ ಮಾಡ್ದೆ?”

“ಮೂರನೇ ಸಲ?”

“ಅಳಿವೆ ನೀರು. ಸಿಂಪಿ ಚಿಪ್ಪು.”

ಜೆಸಿಂತಾಳಿಗೆ ಅರ್ಥವಾಗಲಿಲ್ಲ. ಬಾಯಿ ತೆರೆದುಕೊಂಡು ನೋಡಿದಳು. ಮೆಲ್ಲಗೆ ಅವಳ ಮುಖ ಬಿಳುಪೇರಿತು.

“ಗುಳ್ಳೆ ಬಂದಿದೆಯಾ? ಕರೀ ಗುಳ್ಳೆ?”

“ನಿನಗೆ ಹೇಗೆ ಗೊತ್ತು?”

“ಅಯ್ಯೋ ಮಾತೆಯೇ!” ಅವಳು ಎರಡು ಕೈಯಲ್ಲೂ ಪೇಚಿಯ ತೋಳು ಹಿಡಿದಳು. “ನಮ್ಮಪ್ಪ ಹಾಗೇ ಸತ್ತದ್ದಮ್ಮಾ! ಸಿಂಪಿ ಕುಯ್ದಿತ್ತು ಕಾಲಿಗೆ, ಅಷ್ಟೇ. ಮಾರನೇ ದಿನಕ್ಕೆ ಕಾಲು ಕರ್ರಗೆ, ಇಷ್ಟಿಷ್ಟು ದೊಡ್ಡ ಗುಳ್ಳೆ. ನಾನೇ ತೊಡೆ ಮೇಲೆ ಮಲಗಿಸ್ಕೊಂಡಿದ್ದೆ. ಅದನ್ನ ನೋಡಿದವಳು ನಾನು. ಅದನ್ನ ತಂದು ಗಂಡನಿಗೆ ಹಾಕ್ತೀನಾ? ಮಣ್ಣು ಹಾಕಿದ್ದು ನಾನು, ಜೈಲಿಗೆ ಹಾಕಿ. ಇದು ನನ್ನ ಕೈಯಲ್ಲ. ನೀವು ಬೇಡ ಅಂದ ಮೇಲೆ ನಾನು ಅವನ ಮುಖ ಕೂಡ ನೋಡಿಲ್ಲ!”

ಪೇಚಿ ಅವಳ ಕಣ್ಣನ್ನೇ ನೋಡಿದಳು. ಸುಳ್ಳು ಹೇಳುವವರು ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಾರೆ. ಈ ಹೆಂಗಸು ಆಗಲೇ ಎರಡು ತಪ್ಪು ಒಪ್ಪಿಕೊಂಡು ದಾರಿಯನ್ನೆಲ್ಲ ಮುಚ್ಚಿಕೊಂಡಿದ್ದಳು.

“ದಿನಾ ಅವನ ಪಕ್ಕ ಕೂತಿರ್ತಿದ್ದೆ,” ಎಂದಳು ಜೆಸಿಂತಾ. ಈಗ ಅವಳು ಅಳುತ್ತಿದ್ದಳು. “ನನ್ನನ್ನ ಎಬ್ಬಿಸಿ ಹೊರಗೆ ಕಳಿಸಿದ್ದು ನೀವು. ಆಮೇಲೆ ಯಾರನ್ನ ಒಳಗೆ ಬಿಟ್ರಿ?”



ಒಳಗಿನಿಂದ ಸ್ಟ್ರೆಚರಿನ ಗಾಲಿಗಳ ಕಿರ್ ಕಿರ್ ಕೇಳಿಸಿತು. ಜೆಸಿಂತಾ ಎದ್ದು ಓಡಿದಳು. ಪೇಚಿ ಅವಳನ್ನು ತಡೆಯಲಿಲ್ಲ, ಹಿಂದೆಯೇ ಓಡಿದಳು.

ಥಿಯೇಟರಿನ ಓಣಿಯಲ್ಲಿ ವಡಿವು ಒಂದು ಕೈಯಲ್ಲಿ ಗ್ಲೂಕೋಸ್ ಬಾಟಲಿ ಎತ್ತಿ ಹಿಡಿದು ಬೇಗ ಬೇಗ ನಡೆಯುತ್ತಿದ್ದಳು. ಸೂಸೈಯ ತುಟಿ ಬಿಳಚಿತ್ತು. ಜೆಸಿಂತಾ ಅವನ ಕಿವಿಯ ಹತ್ತಿರ ಬಗ್ಗಿದಳು.

“ರೀ, ನಾನು. ಕಣ್ಣು ಬಿಡಿ. ಯಾರು ಮಾಡಿದ್ದು ಹೇಳಿಬಿಡಿ, ಇನ್ಸ್‌ಪೆಕ್ಟರಮ್ಮ ಇಲ್ಲೇ ಇದಾರೆ.”

ಕಣ್ಣು ತೆರೆಯಿತು. ಅದು ಹೆಂಡತಿಯನ್ನು ದಾಟಿ ಪೇಚಿಯ ಖಾಕಿಯ ಮೇಲೆ ನಿಂತಿತು.

“ಇನ್ನಾಸಿ,” ಎಂದ.

“ಇನ್ನಾಸಿನ ಯಾರು ನೂಕಿದ್ದು?” ಪೇಚಿ ಸ್ಟ್ರೆಚರಿನ ಕಂಬಿ ಹಿಡಿದು ಜೊತೆಗೇ ನಡೆದಳು. “ಮಚಾದೊನಾ? ಹೂಂ ಅನ್ನು, ಸಾಕು.”

ಸೂಸೈ ತಲೆ ಅಲ್ಲಾಡಿಸಿದ. ಹೌದೆಂದಲ್ಲ, ಅಲ್ಲವೆಂದು.

“ಇನ್ನಾಸಿ ಬಂದಿದ್ದ. ಭಾನುವಾರ. ಗಾಯ ತೊಳ್ದ. ಉರಿ… ಉರಿ ಕಣೋ ಇನ್ನಾಸಿ, ಬಿಡೋ ಅಂದೆ. ಬಿಡಲಿಲ್ಲ.”

“ಸಾಕು, ಬಾಗಿಲು!” ಎಂದಳು ವಡಿವು. ಬಾಗಿಲು ತೆರೆದು ಮುಚ್ಚಿಕೊಂಡಿತು. ಜೆಸಿಂತಾ ಆ ಬಾಗಿಲಿಗೆ ಅಂಗೈ ಒತ್ತಿ ನಿಂತಳು.

“ಜ್ವರಕ್ಕೆ ಬಡಬಡಿಸ್ತಿದಾನೆ,” ಎಂದಳು ಪೇಚಿ. ಜೆಸಿಂತಾಳಿಗೋ, ತನಗೇ ತಾನೋ ತಿಳಿಯದು. ಸಾಯುವವರ ಕಣ್ಣಿಗೆ ಸತ್ತವರು ಕಾಣಿಸಿಕೊಳ್ಳುವುದು ಹೊಸತೇನಲ್ಲ. ಬೋಟಿನ ಚುಕ್ಕಾಣಿ ಹಿಡಿದಿದ್ದವನು ಸೂಸೈ. ಕಣ್ಣೆದುರು ಮುಳುಗಿದವನು ಕನಸಿನಲ್ಲಿ ಬರದೆ ಇರುತ್ತಾನೆಯೇ?

ಆದರೆ ಭಾನುವಾರ ಎಂದಿದ್ದ.

ವೇಲ್‌ಚಾಮಿ ಖಾಲಿ ವಾರ್ಡಿನ ಬಾಗಿಲಲ್ಲಿ ಬೆಂಚಿನ ಪಕ್ಕ ಸೆಟೆದು ನಿಂತಿದ್ದ. ನಿವೃತ್ತಿ ಹತ್ತಿರವಾದ ಮನುಷ್ಯ. ಆಗಲೇ ಬೆವೆತಿದ್ದ.

“ಭಾನುವಾರ ಪಟ್ಟಿ ಯಾರು ಕಟ್ಟಿದ್ದು ವೇಲ್‌ಚಾಮಿ?”

“ಡ್ರೆಸ್ಸಿಂಗಿನವರು ಮೇಡಂ. ಆಸ್ಪತ್ರೆಯವರೇ. ನೆಂಟರನ್ನ ನಾನು ಹತ್ರಕ್ಕೂ ಬಿಟ್ಟಿಲ್ಲ, ಬೇಕಾದ್ರೆ ಕೇಳಿ.”

“ಯಾವ ಡ್ರೆಸ್ಸಿಂಗಿನವನು? ಹೆಸರೇನು?”

“ಹೆಸರು… ಬಿಳೀ ಕೋಟು ಹಾಕಿದ್ದ ಮೇಡಂ. ಕೈಲಿ ಟ್ರೇ, ಬಾಟಲಿ, ಹತ್ತಿ, ಎಲ್ಲಾ ಇತ್ತು. ಮುಖಕ್ಕೆ ಮಾಸ್ಕ್ ಇತ್ತು. ಭಾನುವಾರ ಬೇರೆ ಆಳು ಬರ್ತಾರೇನೋ ಅಂದ್ಕೊಂಡೆ.”

“ಸೂಸೈ ಕೂಗಲಿಲ್ವಾ?”

“ಕೂಗಿದ. ಪಟ್ಟಿ ಬಿಚ್ಚಿದಾಗಲೆಲ್ಲ ಕೂಗ್ತಾನಲ್ಲ ಮೇಡಂ.” ವೇಲ್‌ಚಾಮಿ ಎಂಜಲು ನುಂಗಿದ. “ಬಿಡೋ ಬಿಡೋ ಅಂತಿದ್ದ.”

“ಅವನನ್ನ ಮತ್ತೆ ಕಂಡ್ರೆ ಗುರುತು ಹಿಡೀತೀಯಾ?”

“ಮುಖ ಕಾಣ್ಲಿಲ್ಲ. ಮಾಸ್ಕ್ ಮಾತ್ರ ಜಾರಿ ಜಾರಿ ಬೀಳ್ತಿತ್ತು. ಆ ದಾರ ಇರುತ್ತಲ್ಲ, ಕಿವಿಗೆ ಸಿಗಿಸೋದು, ಅದು ಎಡಗಡೆ ನಿಲ್ತಾನೇ ಇರ್ಲಿಲ್ಲ. ಪಾಪ, ಒಂದು ಕೈಯಲ್ಲಿ ಟ್ರೇ, ಒಂದು ಕೈಯಲ್ಲಿ ಮಾಸ್ಕು. ನಾನೇ ಬಾಗಿಲು ತೆಗೆದುಕೊಟ್ಟೆ.”

“ಯಾಕೆ ನಿಲ್ತಿರಲಿಲ್ಲ?”

“ಎಡಗಿವಿ ಮೇಲ್ಗಡೆ ಅರ್ಧ ಇರ್ಲಿಲ್ಲ ಮೇಡಂ. ಕಿತ್ತು ಹೋದಂಗಿತ್ತು.”

ಪೇಚಿಯ ಹಿಂದೆ ಯಾರೋ ಉಸಿರೆಳೆದುಕೊಂಡರು. ಜೆಸಿಂತಾ ಗೋಡೆ ಹಿಡಿದುಕೊಂಡು ಅಲ್ಲಿಯವರೆಗೆ ಬಂದಿದ್ದಳು.

“ಲಂಗರಿನ ಹಗ್ಗ,” ಎಂದಳು. “ಇನ್ನಾಸಿಗೆ… ಚಿಕ್ಕ ವಯಸ್ಸಲ್ಲಿ ಲಂಗರಿನ ಹಗ್ಗ ಸುತ್ಕೊಂಡು ಎಡಗಿವಿ ಹರಿದಿತ್ತಮ್ಮಾ. ಅದಕ್ಕೇ ಅವನು ಯಾವಾಗ್ಲೂ ತಲೆಗೆ ಟವೆಲ್ ಕಟ್ಕೊಂಡಿರ್ತಿದ್ದ.”

ದಡದ ಮೇಲಿನ ಆ ಹೆಣದ ಪಕ್ಕ ಪೇಚಿಯೇ ನಿಂತಿದ್ದಳು. ಮುಖವಿರಲಿಲ್ಲ, ಕಿವಿಗಳೂ ಇರಲಿಲ್ಲ. ಅಳತೆ ಸರಿಯಿತ್ತು, ವಯಸ್ಸು ಸರಿಯಿತ್ತು, ಕೊರಳಲ್ಲಿ ಪದಕವಿತ್ತು. ಅದಕ್ಕಿಂತ ಹೆಚ್ಚಾಗಿ ಹೆತ್ತ ತಾಯಿಯ ಗೋಳಾಟವಿತ್ತು. ಅದಾದ ಮೇಲೆ ಇನ್ನೇನು ಕೇಳುವುದಿತ್ತು?

ಸೂಸೈ ಇಷ್ಟು ದಿನ ಪೊಲೀಸರಿಗೆ ಒಂದಕ್ಷರ ಹೇಳಿರಲಿಲ್ಲ. ಬೋಟಲ್ಲಿ ಏನಾಯಿತು ಅಂತ ಮ್ಯಾಜಿಸ್ಟ್ರೇಟರ ಮುಂದೆ ಮಾತ್ರ ಹೇಳ್ತೀನಿ ಎನ್ನುತ್ತಿದ್ದ. ಅವನು ಮಚಾದೊನ ಹೆಸರು ಹೇಳುತ್ತಾನೆ ಎಂದುಕೊಂಡಿದ್ದು ಪೇಚಿ. ಅವನು ಯಾವತ್ತೂ ಹಾಗೆ ಅಂದಿರಲಿಲ್ಲ. ಇನ್ನಾಸಿ ಸತ್ತೇ ಇಲ್ಲ ಎಂಬುದನ್ನೇ ಹೇಳಲು ಹೊರಟಿದ್ದನೇನೋ.

“ಜೆಸಿಂತಾ, ನಿನ್ನನ್ನ ಹೊರಗೆ ಹಾಕಿದ್ದು, ಡ್ರೆಸ್ಸಿಂಗಿನವರನ್ನ ಮಾತ್ರ ಬಿಡ್ತಾರೆ ಅನ್ನೋದು, ಇದನ್ನೆಲ್ಲ ಯಾರ ಹತ್ರ ಹೇಳಿದ್ದೆ?”

“ಯಾರ ಹತ್ರ ಹೇಳ್ಲಿ? ನನಗ್ಯಾರಿದಾರೆ?” ಎಂದವಳು ಅಲ್ಲಿಗೇ ನಿಂತಳು. ಅವಳ ಕಣ್ಣು ನಿಧಾನವಾಗಿ ಓಣಿಯ ಆ ತುದಿಗೆ ಹೊರಳಿತು.

ಅಂತೋಣಿಯಮ್ಮ ನೀರಿನ ಚೊಂಬು ಹಿಡಿದುಕೊಂಡು ಬರುತ್ತಿದ್ದಳು. ಮುಚ್ಚಿದ ಥಿಯೇಟರಿನ ಬಾಗಿಲ ಮುಂದೆ ನಿಂತು ಮೇಲಿನ ಕೆಂಪು ದೀಪವನ್ನು ನೋಡಿದಳು. ಆಮೇಲೆ ಪೇಚಿಯ ಕಡೆ ತಿರುಗಿದಳು.

“ಹೋಗಿಬಿಟ್ನಾ?” ಎಂದು ಕೇಳಿದಳು.

ಆಸ್ಪತ್ರೆಯ ಓಣಿಗಳಲ್ಲಿ ಈ ಪ್ರಶ್ನೆಯನ್ನು ಪೇಚಿ ಎಷ್ಟೋ ಬಾಯಿಂದ ಕೇಳಿದ್ದಳು. ಎಲ್ಲರ ದನಿಯಲ್ಲೂ ಭಯವಿರುತ್ತಿತ್ತು. ಈ ದನಿಯಲ್ಲಿ ಭಯವಿರಲಿಲ್ಲ. ಬಸ್ಸು ಹೊರಟುಹೋಯಿತೇ ಎಂದು ವಿಚಾರಿಸಿದಂತಿತ್ತು.

ಪೇಚಿ ಅವಳ ಹತ್ತಿರ ನಡೆದು ಹೋದಳು. ಚೊಂಬನ್ನು ಅವಳ ಕೈಯಿಂದ ತೆಗೆದುಕೊಂಡು ಕಿಟಕಿಯ ಕಟ್ಟೆಯ ಮೇಲಿಟ್ಟಳು.

“ಅಜ್ಜೀ, ಅವತ್ತು ಮರಳ ಮೇಲೆ ಇದು ನನ್ನ ಕೂಸು ಅಂತ ತಬ್ಬಿಕೊಂಡು ಅತ್ರಲ್ಲ. ಅದು ಯಾರ ಹೆಣ?”

ಮುದುಕಿ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಬಾಗಿಲ ಆ ಕಡೆ ಯಾವುದೋ ಯಂತ್ರ ಬೀಪ್ ಬೀಪ್ ಎನ್ನುತ್ತಿತ್ತು.

“ಯಾರ ಮಗನೋ ತಾಯಿ,” ಎಂದಳು. “ನಾನು ಅತ್ತದ್ದು ಸುಳ್ಳಲ್ಲ. ನಾನೂ ಇನ್ನಾಸಿನೂ ಪದಕ ಹಾಕಿ ಹಗ್ಗ ಬಿಗಿಯೋವಾಗ ಅವನಿಗಿನ್ನೂ ಜೀವ ಇತ್ತು.”